ಮೆದುಳಿನ ಚಿತ್ರಣದಲ್ಲಿ ಗುಚ್ಛ ಸರಾಸರಿ

ಗುಚ್ಛ ಸರಾಸರಿಯು ಮೆದುಳಿನ ಎಂಆರ್‌ಐ ವಿಶ್ಲೇಷಣೆಯಲ್ಲಿ ಬಳಸುವ ಒಂದು ಮಾಪನ. ಸಾಂಖ್ಯಿಕವಾಗಿ ಗಮನಾರ್ಹವೆಂದು ಕಂಡುಬಂದ ಭಾಗದಿಂದ ಪ್ರತಿ ವ್ಯಕ್ತಿಗೂ ಒಂದು ಸರಾಸರಿ ಮೌಲ್ಯವನ್ನು ಇದರಲ್ಲಿ ಪಡೆಯಲಾಗುತ್ತದೆ.

ವಿಧಾನ

ಮೆದುಳಿನ ಚಿತ್ರವು ವಾಕ್ಸೆಲ್ ಎಂಬ ಸಣ್ಣ ಘನ ಘಟಕಗಳಿಂದ ಕೂಡಿರುತ್ತದೆ. ಉದಾಹರಣೆಗೆ, ರೋಗಿಗಳು ಮತ್ತು ಆರೋಗ್ಯವಂತರ ನಡುವಣ ವ್ಯತ್ಯಾಸವನ್ನು ಪ್ರತಿ ವಾಕ್ಸೆಲ್‌ನಲ್ಲಿಯೂ ಪರೀಕ್ಷಿಸಲಾಗುತ್ತದೆ. ನಿಗದಿತ ಮಿತಿಯನ್ನು ದಾಟಿದ, ಒಂದಕ್ಕೊಂದು ತಾಗಿಕೊಂಡಿರುವ ವಾಕ್ಸೆಲ್‌ಗಳ ಸಮೂಹವೇ ಗುಚ್ಛ ಅಥವಾ ಕ್ಲಸ್ಟರ್. ಪರೀಕ್ಷೆಗಳ ಸಂಖ್ಯೆ ಅತಿ ಹೆಚ್ಚಾದ್ದರಿಂದ ಕೆಲವು ಗುಚ್ಛಗಳು ಆಕಸ್ಮಿಕವಾಗಿಯೂ ಮೂಡುತ್ತವೆ. ಇದಕ್ಕಾಗಿ ತಿದ್ದುಪಡಿ ಅಗತ್ಯ. ಉಳಿದ ಗುಚ್ಛವನ್ನು ಮಾಸ್ಕ್ ಆಗಿ ಬಳಸಿ, ಅದರೊಳಗಿನ ಬೂದು ದ್ರವ್ಯದ ಪ್ರಮಾಣ ಅಥವಾ ಸಂಕೇತದ ಸರಾಸರಿಯನ್ನು ಲೆಕ್ಕಹಾಕಲಾಗುತ್ತದೆ. ಮೇಲ್ಮೈ ಆಧಾರಿತ ವಿಶ್ಲೇಷಣೆಯಲ್ಲಿ ಕಾರ್ಟೆಕ್ಸ್‌ನ ದಪ್ಪವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ.

ಮಿತಿಗಳು

ವ್ಯತ್ಯಾಸ ಹೆಚ್ಚಿರುವ ವಾಕ್ಸೆಲ್‌ಗಳನ್ನೇ ಆಯ್ದು, ಅದೇ ದತ್ತಾಂಶದಿಂದ ವ್ಯತ್ಯಾಸದ ಗಾತ್ರವನ್ನು ಅಳೆದರೆ ಫಲಿತಾಂಶ ಉತ್ಪ್ರೇಕ್ಷಿತವಾಗುತ್ತದೆ. ಈ ದೋಷಕ್ಕೆ ಚಕ್ರೀಯ ವಿಶ್ಲೇಷಣೆ ಎಂದು ಹೆಸರು. 2009ರಲ್ಲಿ ನಿಕೋಲಸ್ ಕ್ರೀಗೆಸ್ಕೋರ್ಟೆ ಮತ್ತು ಸಹಲೇಖಕರು ಇದನ್ನು ವಿವರವಾಗಿ ಚರ್ಚಿಸಿದರು. ಆದ್ದರಿಂದ ಇಂತಹ ಸರಾಸರಿಯನ್ನು ಫಲಿತಾಂಶದ ದಿಕ್ಕನ್ನು ತೋರಿಸಲು ಬಳಸಬಹುದು; ಹೊಸ ಪುರಾವೆಯೆಂದು ಮಂಡಿಸಲಾಗದು. ಅಳತೆಯ ಪ್ರದೇಶವನ್ನು ಅಂಗರಚನಾ ನಕ್ಷೆಯಿಂದ ಮೊದಲೇ ಗುರುತಿಸುವುದು, ಅಥವಾ ಗುಚ್ಛವನ್ನು ಒಂದು ಗುಂಪಿನಲ್ಲಿ ಕಂಡುಹಿಡಿದು ಮತ್ತೊಂದು ಗುಂಪಿನಲ್ಲಿ ಅಳೆಯುವುದು ಇದಕ್ಕೆ ಪರಿಹಾರ.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗಗಳ ಕುರಿತ ಎಂಆರ್‌ಐ ಸಂಶೋಧನೆ ನಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೇಲ್ಪಟ್ಟ ಗ್ರಾಮೀಣರ ದೀರ್ಘಾವಧಿ ಅಧ್ಯಯನವನ್ನು ಕೈಗೊಂಡಿದೆ. ಎಂಆರ್‌ಐ ಕೂಡ ಅದರ ಭಾಗವಾಗಿದೆ.