ಲ್ಯಾಪ್‌ಟಾಪ್ ಆನ್ ಆಗದಿದ್ದಾಗ ದೋಷ ಹುಡುಕುವ ಕ್ರಮ

ಲ್ಯಾಪ್‌ಟಾಪ್‌ನ ಪವರ್ ಬಟನ್ ಒತ್ತಿದ ಗಳಿಗೆಯಿಂದ ಲಾಗಿನ್ ಪರದೆ ಮೂಡುವವರೆಗೆ ಹಲವು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಮೊದಲು ಮದರ್‌ಬೋರ್ಡ್ ಮೇಲಿನ ಪುಟ್ಟ ನಿಯಂತ್ರಕ ಚಿಪ್ ಬಟನ್ ಒತ್ತಿದ್ದನ್ನು ಗುರುತಿಸುತ್ತದೆ. ಅದರ ಸೂಚನೆಯಂತೆ ಚಾರ್ಜರ್ ಅಥವಾ ಬ್ಯಾಟರಿಯ ವಿದ್ಯುತ್ತು ಒಂದೊಂದು ಭಾಗಕ್ಕೆ ಬೇಕಾದ ವೋಲ್ಟೇಜಿಗೆ ಇಳಿದು ಹಂಚಿಕೆಯಾಗುತ್ತದೆ. ಆಮೇಲೆ ಪ್ರೊಸೆಸರ್ ಎಚ್ಚೆತ್ತು ಬಯಾಸ್ ಎಂಬ ತಂತ್ರಾಂಶವನ್ನು ಓದುತ್ತದೆ. ಈಗಿನ ಯಂತ್ರಗಳಲ್ಲಿರುವುದು ಅದರ ಹೊಸ ಪೀಳಿಗೆಯಾದ ಯುಇಎಫ್‌ಐ, ಆದರೆ ರಿಪೇರಿ ಅಂಗಡಿಗಳಲ್ಲಿ ಇಂದಿಗೂ ಬಯಾಸ್ ಎಂದೇ ಮಾತು. ಬಯಾಸ್ ರ‍್ಯಾಮ್, ಪರದೆ, ಕೀಬೋರ್ಡ್‌ಗಳನ್ನು ಪರೀಕ್ಷಿಸಿ, ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್‌ನ ಆರಂಭದ ಕಡತಗಳು ಎಲ್ಲಿವೆ ಎಂದು ಹುಡುಕುತ್ತದೆ. ಅವು ಸಿಕ್ಕ ಮೇಲಷ್ಟೇ ವಿಂಡೋಸ್ ತೆರೆದುಕೊಳ್ಳುತ್ತದೆ.

‘ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಇವುಗಳಲ್ಲಿ ಯಾವ ಹಂತದ ದೋಷವಾದರೂ ಇರಬಹುದು. ಚಾರ್ಜರ್‌ನ ವಯರ್ ಸಡಿಲವಾಗಿದ್ದರೂ ದೂರು ಅದೇ, ಮದರ್‌ಬೋರ್ಡ್ ಸುಟ್ಟಿದ್ದರೂ ಅದೇ. ಆದ್ದರಿಂದ ಬಿಚ್ಚುವ, ಫಾರ್ಮ್ಯಾಟ್ ಮಾಡುವ ಮಾತಿಗೆ ಮೊದಲು ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ತಿಳಿಯಬೇಕು. ಬಟನ್ ಒತ್ತಿದಾಗ ಕಾಣುವ, ಕೇಳುವ ಲಕ್ಷಣಗಳಿಂದ ಇದನ್ನು ಮೂರು ಗುಂಪು ಮಾಡಬಹುದು: ದೀಪ, ಸದ್ದು ಯಾವುದೂ ಇಲ್ಲದಿರುವುದು, ದೀಪ ಹತ್ತಿ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿರುವುದು, ಕಂಪನಿಯ ಲೋಗೋ ಬಂದ ಮೇಲೆ ಮುಂದೆ ಹೋಗದಿರುವುದು.

ದೀಪವೂ ಇಲ್ಲ, ಸದ್ದೂ ಇಲ್ಲ

ಮೊದಲ ಗುಂಪಿನಲ್ಲಿ ತನಿಖೆ ಗೋಡೆಯ ಪ್ಲಗ್‌ನಿಂದಲೇ ಶುರುವಾಗಬೇಕು. ಅದೇ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಕರೆಂಟ್ ಬರುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೇ ಸಿಕ್ಕಿಸುವುದು ಒಳ್ಳೆಯದು. ಚಾರ್ಜರ್‌ನ ಡಬ್ಬಿಗೆ ಬಂದು ಸೇರುವ ಪವರ್ ಕಾರ್ಡ್ ಬೇರೆಯಾಗಿ ಕಳಚುವಂಥದ್ದು. ಅದು ಸಡಿಲವಾದರೆ ನೋಡುವವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ವಿದ್ಯುತ್ತು ಮಾತ್ರ ಮುಂದೆ ಹೋಗುವುದಿಲ್ಲ. ಡಬ್ಬಿಯ ಮೇಲೆ ದೀಪವಿದ್ದು, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೊಡನೆ ಅದು ಆರಿದರೆ ಒಳಗೆಲ್ಲೋ ಶಾರ್ಟ್ ಆಗಿರುವ ಸಂಶಯ ಪಡಬೇಕು.

ಬೇರೆ ಚಾರ್ಜರ್ ಹಾಕಿ ಪರೀಕ್ಷಿಸುವ ಮುನ್ನ ಅದರ ಲೇಬಲ್ ಓದಲೇಬೇಕು. ಹೆಚ್ಚಿನ ಲ್ಯಾಪ್‌ಟಾಪ್ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗಿನ ವಿದ್ಯುತ್ತನ್ನು ಪಡೆದು 19, 19.5 ಅಥವಾ 20 ವೋಲ್ಟ್ ಹೊರಗೆ ಕೊಡುತ್ತವೆ. ಬದಲಿ ಚಾರ್ಜರ್‌ನ ಔಟ್‌ಪುಟ್ ವೋಲ್ಟೇಜ್ ಮೂಲ ಚಾರ್ಜರ್‌ನಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಬಹುದು, ಹೆಚ್ಚಿದ್ದರೂ ತೊಂದರೆಯಿಲ್ಲ, ಕಡಿಮೆ ಇರಬಾರದು. 19.5 ವೋಲ್ಟ್, 3.34 ಆಂಪಿಯರ್ ಎಂದು ಬರೆದಿದ್ದರೆ ಅವೆರಡರ ಗುಣಲಬ್ಧ ಸುಮಾರು 65 ವ್ಯಾಟ್. ಡೆಲ್ ಮತ್ತು ಎಚ್‌ಪಿಯ ಹಲವು ಚಾರ್ಜರ್‌ಗಳ ದುಂಡನೆಯ ತುದಿಯೊಳಗೆ ಸೂಜಿಯಂಥ ತೆಳ್ಳಗಿನ ಪಿನ್ ಇರುತ್ತದೆ. ಇದು ಕಂಪನಿಯ ಚಾರ್ಜರ್ ಹೌದೇ, ಎಷ್ಟು ವ್ಯಾಟ್ ಎಂದು ಲ್ಯಾಪ್‌ಟಾಪ್ ತಿಳಿಯುವುದು ಈ ಪಿನ್‌ನಿಂದಲೇ. ಅದು ಬಾಗಿದರೆ ಅಥವಾ ಮುರಿದರೆ ವಿದ್ಯುತ್ತು ಬಂದರೂ ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು.

ಟೈಪ್-ಸಿ ಪಿನ್‌ನ ಲ್ಯಾಪ್‌ಟಾಪ್‌ಗಳಲ್ಲಿ ಬೇರೊಂದು ಗೊಂದಲವಿದೆ. ಮೊಬೈಲ್‌ನ 18 ಅಥವಾ 20 ವ್ಯಾಟ್ ಚಾರ್ಜರ್ ಆ ಪೋರ್ಟ್‌ನಲ್ಲಿ ಸರಿಯಾಗಿ ಕೂತರೂ 65 ವ್ಯಾಟ್ ಬೇಡುವ ಯಂತ್ರವನ್ನು ಎಬ್ಬಿಸುವ ಶಕ್ತಿ ಅದಕ್ಕಿರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಟೈಪ್-ಸಿ ಪೋರ್ಟ್ ಇದ್ದರೂ ಒಂದರಲ್ಲಿ ಮಾತ್ರ ಚಾರ್ಜಿಂಗ್ ನಡೆಯುತ್ತದೆ. ಪೋರ್ಟ್‌ನೊಳಗೆ ಬಟ್ಟೆಯ ಜುಂಗು, ದೂಳು ಸೇರಿದ್ದರೆ ಪಿನ್ ಪೂರ್ತಿ ಒಳಹೋಗುವುದಿಲ್ಲ.

ಬಹುಕಾಲ ಬಳಸದೆ ಇಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಅಂಥದ್ದನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿ ಆಮೇಲೆ ಆನ್ ಮಾಡಿ ನೋಡಬೇಕು. ಆಗಲೂ ಆಗದಿದ್ದರೆ ಪವರ್ ರೀಸೆಟ್ ಮಾಡಬೇಕು. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ಕಳಚಿ, ಹೊರಗಿನಿಂದ ತೆಗೆಯಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬಳಿಕ ಚಾರ್ಜರ್ ಒಂದನ್ನೇ ಹಾಕಿ ಆನ್ ಮಾಡಬೇಕು. ಮೊದಲು ಹೇಳಿದ ನಿಯಂತ್ರಕ ಚಿಪ್ ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಎಚ್ಚರವಾಗಿಯೇ ಇರುತ್ತದೆ. ಅದು ತಪ್ಪು ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಬಟನ್ ಒತ್ತಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಉಳಿದ ವಿದ್ಯುತ್ತೂ ಖಾಲಿಯಾದಾಗ ಅದು ಹೊಸದಾಗಿ ಕೆಲಸ ಶುರುಮಾಡುತ್ತದೆ. ‘ಡೆಡ್’ ಎನಿಸಿದ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಬ್ಯಾಟರಿ ಒಳಗೇ ಇರುವ ಕೆಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಇದಕ್ಕಾಗಿಯೇ ತಳಭಾಗದಲ್ಲಿ ಸೂಜಿತೂತು ಇದೆ. ಪೇಪರ್ ಕ್ಲಿಪ್‌ನ ತುದಿಯಿಂದ ಒಳಗಿನ ಗುಂಡಿ ಒತ್ತಬೇಕು.

ಎರಡು ಸಂದರ್ಭಗಳಲ್ಲಿ ಆನ್ ಮಾಡುವ ಯತ್ನವನ್ನೇ ಬಿಡಬೇಕು. ಮೊದಲನೆಯದು ಬ್ಯಾಟರಿ ಉಬ್ಬಿರುವುದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಬಿರುಕು ಬಿಟ್ಟಂತೆ ಕಂಡರೆ, ಮುಚ್ಚಿದ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಒಳಗೆ ಲಿಥಿಯಂ ಬ್ಯಾಟರಿ ಅನಿಲ ತುಂಬಿ ಊದಿಕೊಂಡಿರಬಹುದು. ಅದನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಎರಡನೆಯದು ಕಾಫಿ, ನೀರು ಚೆಲ್ಲಿರುವುದು. ತಕ್ಷಣ ಚಾರ್ಜರ್ ಕಿತ್ತು, ಬಟನ್ ಒತ್ತಿ ಹಿಡಿದು ಆಫ್ ಮಾಡಿ, ನೀರು ಇಳಿದುಹೋಗುವಂತೆ ಬೋರಲು ಹಾಕಿ, ಹಾಗೆಯೇ ಅಂಗಡಿಗೆ ಒಯ್ಯಬೇಕು. ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟರೆ ಬೋರ್ಡ್ ಮೇಲೆ ಅಂಟಿದ ಸಕ್ಕರೆ, ಹಾಲು, ಉಪ್ಪಿನ ಅಂಶ ಹೋಗುವುದಿಲ್ಲ. ತಾಮ್ರದ ಗೆರೆಗಳನ್ನು ದಿನಕಳೆದಂತೆ ತಿನ್ನುವುದು ಅದೇ.

ದೀಪ ಇದೆ, ಪರದೆ ಕಪ್ಪು

ಫ್ಯಾನ್ ಸದ್ದು ಕೇಳಿಸುತ್ತಿದ್ದು ಪರದೆ ಕಪ್ಪಾಗಿದ್ದರೆ ಲ್ಯಾಪ್‌ಟಾಪ್ ನಿಜಕ್ಕೂ ಶುರುವಾಗಿಲ್ಲವೋ, ಶುರುವಾಗಿಯೂ ಕಾಣುತ್ತಿಲ್ಲವೋ ಎಂಬುದನ್ನು ಬೇರ್ಪಡಿಸಬೇಕು. ಸ್ವಲ್ಪ ಹೊತ್ತು ಕಾದು ಕ್ಯಾಪ್ಸ್ ಲಾಕ್ ಕೀ ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಒಳಗೆ ಎಲ್ಲ ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಆಗ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಬೇಕು. ಅಕ್ಷರಗಳು ಮಸುಕಾಗಿ ಕಂಡರೆ ಹೋಗಿರುವುದು ಪರದೆಯ ಹಿಂಬೆಳಕು ಮಾತ್ರ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿ ಅಥವಾ ಮಾನಿಟರ್‌ಗೆ ಜೋಡಿಸಿದಾಗ ಅಲ್ಲಿ ಚಿತ್ರ ಬಂದರೆ ದೋಷ ಪರದೆಯಲ್ಲಿದೆ, ಇಲ್ಲವೇ ಹಿಂಜ್ ಮೂಲಕ ಹಾದುಹೋಗುವ ಡಿಸ್‌ಪ್ಲೇ ಕೇಬಲ್‌ನಲ್ಲಿದೆ. ದಿನವೂ ತೆರೆದು ಮುಚ್ಚುವ ಜಾಗ ಅದಾದ್ದರಿಂದ ಕೇಬಲ್ ಸವೆಯುತ್ತದೆ.

ಹೊರಗಿನ ಮಾನಿಟರ್‌ನಲ್ಲೂ ಏನೂ ಬರದಿದ್ದರೆ ರ‍್ಯಾಮ್‌ನ ಮೇಲೆ ಮೊದಲ ಅನುಮಾನ. ಪರದೆಗೆ ಏನನ್ನೂ ಬರೆಯಲಾಗದ ಈ ಹಂತದಲ್ಲಿ ಬಯಾಸ್ ಬೀಪ್ ಸದ್ದಿನಿಂದ ಅಥವಾ ದೀಪವನ್ನು ಮಿಟುಕಿಸಿ ದೋಷ ತಿಳಿಸುತ್ತದೆ. ಎಚ್‌ಪಿಯಲ್ಲಿ ಸಾಮಾನ್ಯವಾಗಿ ಕ್ಯಾಪ್ಸ್ ಲಾಕ್ ದೀಪ, ಡೆಲ್‌ನಲ್ಲಿ ಹಳದಿ ಮತ್ತು ಬಿಳಿಯ ದೀಪ ಮಿಟುಕುತ್ತದೆ. ಎಷ್ಟು ಸಲ ಮಿಟುಕಿ, ಎಷ್ಟು ಬಿಡುವಿನ ನಂತರ ಮತ್ತೆ ಶುರುವಾಗುತ್ತದೆ ಎಂದು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಆ ಮಾದರಿಯ ಸರ್ವಿಸ್ ಕೈಪಿಡಿಯೊಂದಿಗೆ ತಾಳೆ ನೋಡಿದರೆ ದೋಷ ರ‍್ಯಾಮ್‌ನದೋ ಪ್ರೊಸೆಸರ್‌ನದೋ ತಿಳಿಯುತ್ತದೆ.

ರ‍್ಯಾಮ್ ತೆಗೆದು ಹಾಕುವುದು ಕೈ ಪಳಗಿದವರಿಗೆ ಮನೆಯಲ್ಲೇ ಸಾಧ್ಯ. ಚಾರ್ಜರ್ ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚಬೇಕು. ಅವುಗಳ ಉದ್ದ ಒಂದೇ ಇರುವುದಿಲ್ಲವಾದ್ದರಿಂದ ತೆಗೆದ ಜಾಗದ ಕ್ರಮದಲ್ಲೇ ಜೋಡಿಸಿಟ್ಟುಕೊಳ್ಳಬೇಕು. ಮುಚ್ಚಳ ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುವಂತೆ ಅರ್ತಿಂಗ್ ಇರುವ ಲೋಹವನ್ನು ಮುಟ್ಟಬೇಕು. ರ‍್ಯಾಮ್ ಪಟ್ಟಿಯ ಎರಡು ಬದಿಯ ಲೋಹದ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿಯೇ ಓರೆಯಾಗಿ ಮೇಲೇಳುತ್ತದೆ. ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೃದು ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಓರೆಯಾಗಿಯೇ ಒಳಕ್ಕೆ ತಳ್ಳಿ ಕೆಳಗೆ ಒತ್ತಿದಾಗ ಎರಡೂ ಕ್ಲಿಪ್ ಟಕ್ಕೆಂದು ಕೂತರೆ ಸರಿಯಾಗಿದೆ ಎಂದರ್ಥ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲೂ ಮಳೆಗಾಲದ ಮಲೆನಾಡಿನಲ್ಲೂ ಈ ಅಂಚುಗಳಿಗೆ ತೇವದಿಂದ ಕಿಲುಬು ಹಿಡಿಯುವ ಸಂಭವ ಹೆಚ್ಚು. ತೆಳ್ಳಗಿನ ಹಲವು ಮಾದರಿಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುವುದರಿಂದ ಈ ದಾರಿ ಇಲ್ಲ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಮೇಲಿನ ಮೊದಲ ಸಲ ಪರದೆ ಹಲವು ನಿಮಿಷ ಕಪ್ಪಾಗಿರುವುದು ಸಹಜ. ನಡುವೆ ಆಫ್ ಮಾಡಬಾರದು.

ಲೋಗೋ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಲೋಗೋ ಕಂಡಿತೆಂದರೆ ವಿದ್ಯುತ್ತು, ಪ್ರೊಸೆಸರ್, ಪರದೆ ಸುಸ್ಥಿತಿಯಲ್ಲಿವೆ, ರ‍್ಯಾಮ್ ಕೂಡ ಮೊದಲ ಪರೀಕ್ಷೆ ದಾಟಿದೆ. ಉಳಿದಿರುವುದು ಡಿಸ್ಕ್ ಮತ್ತು ವಿಂಡೋಸ್. ಬೂಟ್ ಮಾಡುವ ಸಾಧನ ಸಿಗಲಿಲ್ಲ ಎಂಬ ಸಂದೇಶ ಬಂದರೆ ಸಿಕ್ಕಿಸಿರುವ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳನ್ನು ಮೊದಲು ತೆಗೆಯಬೇಕು. ಯಂತ್ರ ಅವುಗಳಲ್ಲಿ ವಿಂಡೋಸ್ ಹುಡುಕುತ್ತಿರಬಹುದು. ಆಮೇಲೆ ಬಯಾಸ್ ತೆರೆದು ಎಸ್‌ಎಸ್‌ಡಿಯ ಹೆಸರು ಪಟ್ಟಿಯಲ್ಲಿದೆಯೇ ನೋಡಬೇಕು. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಮಾದರಿಗೆ ತಕ್ಕಂತೆ ಎಫ್1 ಅಥವಾ ಎಫ್2 ಕೀಯಿಂದ ಬಯಾಸ್ ತೆರೆಯುತ್ತದೆ. ಹೆಸರು ಇದ್ದರೆ ಸಮಸ್ಯೆ ವಿಂಡೋಸ್‌ನದು ಅಥವಾ ಬೂಟ್ ಕ್ರಮದ್ದು. ಇಲ್ಲದಿದ್ದರೆ ಡಿಸ್ಕ್ ಸಡಿಲವಾಗಿದೆ ಅಥವಾ ಕೆಟ್ಟಿದೆ. ದಿನಾಂಕ ಮತ್ತೆ ಮತ್ತೆ ಹಳೆಯದಕ್ಕೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ 3 ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿ ತೀರಿದೆ. ಅದರಿಂದ ಬಯಾಸ್‌ನ ಆಯ್ಕೆಗಳೂ ಅಳಿಸಿಹೋಗಿರಬಹುದು.

ವಿಂಡೋಸ್ ಸತತವಾಗಿ ಎರಡು ಸಲ ಶುರುವಾಗಲು ವಿಫಲವಾದರೆ ಮುಂದಿನ ಸಲ ದುರಸ್ತಿ ಪರದೆಯನ್ನು ತಾನೇ ತೆರೆಯುತ್ತದೆ. ಅಲ್ಲಿನ ಆಯ್ಕೆಗಳನ್ನು ಕಡಿಮೆ ಹಾನಿಯದರಿಂದ ಹೆಚ್ಚು ಹಾನಿಯದರ ಕಡೆಗೆ ಬಳಸಬೇಕು. ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಆ ಅಪ್‌ಡೇಟ್ ತೆಗೆಯುವುದು. ಆಮೇಲೆ ಸಿಸ್ಟಂ ರಿಸ್ಟೋರ್, ಸೇಫ್ ಮೋಡ್. ಎಲ್ಲ ಸೋತ ಮೇಲೆ ಮಾತ್ರ ರೀಸೆಟ್. ಕಡತ ಉಳಿಸಿಕೊಳ್ಳುವ ಆಯ್ಕೆ ಒತ್ತಿದರೂ ಹಾಕಿಕೊಂಡಿದ್ದ ಪ್ರೋಗ್ರಾಂಗಳು ಹೋಗುತ್ತವೆ. ಈ ದಾರಿಯಲ್ಲಿ, ಡಿಸ್ಕ್‌ನ ಕಡತಗಳಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಬಿಟ್‌ಲಾಕರನ್ನು ಆನ್ ಮಾಡುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಲಾಗಿನ್ ಆದರೆ ಅದು ಬಹುತೇಕ ಅಲ್ಲಿ ಸಿಗುತ್ತದೆ.

ಅಪ್‌ಡೇಟ್ ಒಂದರಿಂದಲೇ ವಿಂಡೋಸ್ ನಿಂತುಹೋಗುವುದಕ್ಕೆ 2024ರ ಜುಲೈ 19ರಂದು ನಡೆದದ್ದು ದೊಡ್ಡ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ಅವುಗಳ ಯಾವ ಭಾಗವೂ ಸುಟ್ಟಿರಲಿಲ್ಲ, ದತ್ತಾಂಶ ಅಳಿಸಿರಲಿಲ್ಲ. ಸೇಫ್ ಮೋಡ್‌ನಲ್ಲಿ ತೆರೆದು ಒಂದು ಕಡತ ಅಳಿಸಿದರೆ ಯಂತ್ರ ಸರಿಯಾಗುತ್ತಿತ್ತು. ಆದರೆ ಬಿಟ್‌ಲಾಕರ್ ಇದ್ದ ಯಂತ್ರಗಳನ್ನು ತೆರೆಯಲು ಆ 48 ಅಂಕಿ ಬೇಕಾಯಿತು.

ಆಪಲ್‌ನ ಮ್ಯಾಕ್‌ಬುಕ್‌ಗಳಲ್ಲೂ ತರ್ಕ ಇದೇ. ಎಂ ಸರಣಿಯ ಚಿಪ್ ಇರುವವುಗಳಲ್ಲಿ ಪವರ್ ಬಟನ್ನನ್ನು ಆಯ್ಕೆಗಳು ಮೂಡುವವರೆಗೆ ಒತ್ತಿ ಹಿಡಿದರೆ, ಇಂಟೆಲ್ ಚಿಪ್ ಇರುವವುಗಳಲ್ಲಿ ಕಮಾಂಡ್ ಮತ್ತು ಆರ್ ಕೀ ಹಿಡಿದರೆ ದುರಸ್ತಿ ಪರದೆ ತೆರೆಯುತ್ತದೆ.

ಮೊದಲು ಕಡತ, ಆಮೇಲೆ ರಿಪೇರಿ

ಫೋಟೊ, ಲೆಕ್ಕಪತ್ರ, ಬರೆದಿಟ್ಟ ಲೇಖನಗಳ ಇನ್ನೊಂದು ಪ್ರತಿ ಇಲ್ಲದಿದ್ದರೆ ಲ್ಯಾಪ್‌ಟಾಪ್‌ಗಿಂತ ಅವುಗಳ ಬೆಲೆಯೇ ಹೆಚ್ಚು. ವಿಂಡೋಸ್ ತೆರೆಯದಿದ್ದರೂ ಉಬುಂಟು ಅಥವಾ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಶುರುಮಾಡಿ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಬಹುದು. ಆಗ ಕೇಳುವ ಯಾವ ‘ಇನ್‌ಸ್ಟಾಲ್’ ಆಯ್ಕೆಯನ್ನೂ ಒತ್ತಬಾರದು, ‘ಟ್ರೈ’ ಆಯ್ಕೆ ಸಾಕು. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡುವುದನ್ನು ಬಿಟ್ಟು ಡೇಟಾ ರಿಕವರಿ ಮಾಡುವವರ ಬಳಿಗೇ ಒಯ್ಯಬೇಕು. ಪ್ರತಿ ಸಲ ತಿರುಗಿದಾಗಲೂ ಉಳಿದ ದತ್ತಾಂಶ ನಾಶವಾಗುವ ಅಪಾಯವಿದೆ.

ಕನ್ನಡದಲ್ಲಿ ಬರೆಯುವವರು ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಬೇಕು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು, ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಅಳಿಸದೆ ಫಾಂಟ್ ಹಾಕಿದರೆ ಬರಹ ಮರಳಿ ಬರುತ್ತದೆ.

ಅಂಗಡಿಗೆ ಒಯ್ಯುವಾಗ

ಇಷ್ಟೆಲ್ಲ ನೋಡಿದ ಮೇಲೂ ಯಂತ್ರ ಏಳದಿದ್ದರೆ ದೋಷ ಮದರ್‌ಬೋರ್ಡ್‌ನಲ್ಲಿರಬಹುದು. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್, ಇಲ್ಲದಿದ್ದರೆ ಚಿಪ್ ಲೆವೆಲ್ ಸರ್ವಿಸ್ ಮಾಡುವ ಅಂಗಡಿ ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗಗಳೂ ಬೋರ್ಡ್ ರಿಪೇರಿಯೂ ಸಿಗುತ್ತವೆ. ‘ಬೋರ್ಡ್ ಹೋಗಿದೆ’ ಎಂದರೆ ಇಡೀ ಬೋರ್ಡ್ ಬದಲಿಸಬೇಕೋ, ಶಾರ್ಟ್ ಆದ ಒಂದು ಬಿಡಿಭಾಗ ಬದಲಿಸಿದರೆ ಸಾಕೋ ಎಂದು ಕೇಳಿ ತಿಳಿಯಬೇಕು. ಯಾವ ಲಕ್ಷಣ ಕಂಡಿತು, ಏನೇನು ಮಾಡಿ ನೋಡಲಾಯಿತು ಎಂಬುದನ್ನು ತಿಳಿಸಿದರೆ ರಿಪೇರಿಯವರ ಕೆಲಸ ಹಗುರವಾಗುತ್ತದೆ. ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂದು ರಸೀದಿಯ ಮೇಲೆಯೇ ಬರೆಸಿಕೊಂಡು, ಅಂದಾಜು ವೆಚ್ಚ ಕೇಳಿ, ಬದಲಿಸಿದ ಹಳೆಯ ಭಾಗವನ್ನು ವಾಪಸು ಪಡೆಯಬೇಕು.

ಸರಿಯಾದ ಮೇಲೆ ಅದೇ ದೋಷ ಮರುಕಳಿಸದಂತೆ ನೋಡಿಕೊಳ್ಳುವುದು ಬಳಸುವವರ ಪಾಲು. ಮೂರು ಪಿನ್‌ನ ಪ್ಲಗ್‌ಗೆ ಅರ್ತಿಂಗ್ ಇರುವ ಸಾಕೆಟ್ ಬೇಕು. ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅರ್ತಿಂಗ್ ಪರೀಕ್ಷಿಸಬೇಕು. ಗುಡುಗು ಸಿಡಿಲಿದ್ದಾಗ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿಕಿಂಡಿ ಮುಚ್ಚಬಾರದು. ಮುಖ್ಯ ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲೂ ಇನ್ನೊಂದು ಕ್ಲೌಡ್‌ನಲ್ಲೂ ಇರಬೇಕು. ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಬೇಕು. ಇಷ್ಟು ಮಾಡಿಕೊಂಡವರಿಗೆ ಲ್ಯಾಪ್‌ಟಾಪ್ ಕೆಟ್ಟರೆ ಖರ್ಚು ಬರಬಹುದು, ವರ್ಷಗಳ ಕೆಲಸ ಕಳೆದುಹೋಗುವುದಿಲ್ಲ.