ಲಂಡನ್ನಿಗೆ ಹೋಗಿ ಚರಂಡಿ ನೋಡಿದ್ದು

ಲಂಡನ್ ಪ್ರವಾಸ ಅಂದ್ರೆ ಎಲ್ಲರ ಮನೆಯ ಪಟ್ಟಿಯೂ ಒಂದೇ: ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಡ್ಜ್, ಲಂಡನ್ ಐ, ಟೈಮ್ ಉಳಿದ್ರೆ ಮೇಣದ ಗೊಂಬೆಗಳ ಮ್ಯೂಸಿಯಂ. ಅಕ್ಕ ಅಲ್ಲಿ ಕೆಲಸದಲ್ಲಿರೋದ್ರಿಂದ ಬೇಸಿಗೆ ರಜೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು ಹೋಗಿದ್ವಿ. ನಮ್ಮ ಪಟ್ಟಿಯೂ ಹೀಗೇ ಇತ್ತು. ಅಪ್ಪ ಸೇರಿಸಿದ್ದು ಒಂದೇ ಪದ: ಬ್ಯಾಜಲ್ಗೆಟ್. ಅಮ್ಮ ಅದು ಯಾವುದೋ ಹೋಟೆಲ್ ಇರಬೇಕು ಅಂದ್ಕೊಂಡಿದ್ಲು.

ಅಪ್ಪ ಯುಜಿಡಿ ಕೆಲಸದಲ್ಲೇ 31 ವರ್ಷ ಕಳೆದು ನಿವೃತ್ತರಾದ ಸಿವಿಲ್ ಇಂಜಿನಿಯರ್. ಯುಜಿಡಿ ಅಂದ್ರೆ ಒಳಚರಂಡಿ. ಮದುವೆ ಮನೆಗಳಲ್ಲಿ ಯಾರಾದ್ರೂ "ಮಗ ಏನ್ ಮಾಡ್ತಾನೆ?" ಅಂತ ಕೇಳಿದ್ರೆ ಅಜ್ಜಿ "ನೀರಿನ ಇಲಾಖೆ" ಅಂತ ಹೇಳಿ ಮಾತು ಬದಲಾಯಿಸಿಬಿಡ್ತಿದ್ಲು. ಹೀಗಾಗಿ ಚರಂಡಿ ಕಟ್ಟಿದವನಿಗೆ ಒಂದು ದೊಡ್ಡ ಊರು ನದಿ ದಂಡೆಯ ಮೇಲೆ ಸ್ಮಾರಕ ಕಟ್ಟಿದೆ ಅನ್ನೋದನ್ನ ಅಪ್ಪ ಕಣ್ಣಾರೆ ನೋಡಬೇಕಿತ್ತು. ಅದೇನು ದೊಡ್ಡ ವಿಷಯ ಅನ್ನೋರಿಗಾಗಿ ಈ ಲೇಖನ.

ಎಂಬ್ಯಾಂಕ್‌ಮೆಂಟ್ ಟ್ಯೂಬ್ ಸ್ಟೇಷನ್ನಿಂದ ನದಿಯ ಕಡೆ ಬಂದ್ರೆ ದಂಡೆಯ ಗೋಡೆಯಲ್ಲಿ ಭಾರಿ ಮೀಸೆಯ ಒಬ್ಬರ ಕಂಚಿನ ಮುಖ ಕಾಣುತ್ತೆ. ಅವರೇ ಜೋಸೆಫ್ ಬ್ಯಾಜಲ್ಗೆಟ್. ನದಿಗೆ ಸಂಕೋಲೆ ತೊಡಿಸಿದವರು ಅನ್ನೋ ಅರ್ಥದ ಲ್ಯಾಟಿನ್ ಸಾಲೂ ಅಲ್ಲಿದೆ. ನಾವು ನಿಂತಿದ್ದ ಅರ್ಧ ಗಂಟೆಯಲ್ಲಿ ಒಬ್ಬ ಪ್ರವಾಸಿಯೂ ಆ ಕಡೆ ತಿರುಗಿ ನೋಡಲಿಲ್ಲ. ಆದ್ರೆ ಅವರೆಲ್ಲ ನಡೀತಿದ್ದದ್ದು ಅವರು ಕಟ್ಟಿದ್ದರ ಮೇಲೇ. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟನ್ನ ಅಡ್ಡಕ್ಕೆ ಸೀಳಿ ನೋಡಿದ್ರೆ ಮೇಲೆ ರಸ್ತೆ, ಕೆಳಗೆ ಪೈಪುಗಳಿಗಾಗಿ ಒಂದು ಸುರಂಗ, ದೊಡ್ಡ ಚರಂಡಿ, ಪಕ್ಕದಲ್ಲಿ ಟ್ಯೂಬ್ ರೈಲಿನ ಹಳಿ. 1870ರಲ್ಲಿ ಇದು ಮುಗೀತು. ಪಕ್ಕದ ತೋಟದಲ್ಲಿ ಯಾರ್ಕ್ ವಾಟರ್‌ಗೇಟ್ ಅಂತ ಒಂದು ಕಲ್ಲಿನ ಬಾಗಿಲಿದೆ. 1626ರಲ್ಲಿ ಕಟ್ಟಿದಾಗ ಅದರ ಮೆಟ್ಟಿಲಿಗೇ ದೋಣಿ ಬರ್ತಿತ್ತು. ಈಗ ಅಲ್ಲಿಂದ ನೀರು ನೂರು ಮೀಟರಿಗೂ ಹೆಚ್ಚು ದೂರ. ನದಿಯನ್ನ ಎಷ್ಟು ಒತ್ತಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಟಿಕೆಟ್ಟೂ ಬೇಡ.

ಇಷ್ಟೆಲ್ಲ ಯಾಕೆ ಬೇಕಾಯ್ತು? 1800ರ ದಶಕದ ನಡುವಿನ ಲಂಡನ್ ಜಗತ್ತಿನ ಅತಿ ದೊಡ್ಡ ನಗರ. ಫ್ಲಶ್ ಟಾಯ್ಲೆಟ್ ಹೊಸದಾಗಿ ಬಂದಿತ್ತು. ಮನೆ ಹಿಂದಿನ ಗುಂಡಿಗಳು ಆ ನೀರಿಗೆ ತುಂಬಿ ತುಳುಕಿ, ಮಳೆನೀರಿಗೆ ಅಂತ ಇದ್ದ ಚರಂಡಿ ಸೇರಿ, ಎಲ್ಲ ಹೋಗಿ ಥೇಮ್ಸ್‌ಗೆ ಬೀಳ್ತಿತ್ತು. ಕುಡಿಯೋ ನೀರೂ ಬಹಳಷ್ಟು ಮನೆಗಳಿಗೆ ಅದೇ ಥೇಮ್ಸ್‌ನಿಂದ. 1848–49ರ ಕಾಲರಾದಲ್ಲಿ ಲಂಡನ್ನಿನಲ್ಲಿ ಸತ್ತವರು ಸುಮಾರು 14,000. ರೋಗ ಬರೋದು ಕೆಟ್ಟ ವಾಸನೆಯಿಂದ, ಗಾಳಿಯಿಂದ ಅಂತ ದೊಡ್ಡ ದೊಡ್ಡ ವೈದ್ಯರೂ ನಂಬಿದ್ದ ಕಾಲ ಅದು. 1854ರಲ್ಲಿ ಸೋಹೋ ಬಡಾವಣೆಯಲ್ಲಿ 600ಕ್ಕೂ ಹೆಚ್ಚು ಜನ ಸತ್ತಾಗ ಜಾನ್ ಸ್ನೋ ಅನ್ನೋ ವೈದ್ಯರು ಸತ್ತವರ ಮನೆಗಳನ್ನ ಲೆಕ್ಕ ಹಾಕಿ, ಎಲ್ಲ ಎಳೆಗಳೂ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿಗೆ ಹೋಗಿ ಸೇರೋದನ್ನ ತೋರಿಸಿದರು. ಪಂಪಿನ ಹಿಡಿಯನ್ನೇ ಕಿತ್ತಿಡಿಸಿದರು. ಆ ಬೀದಿಯಲ್ಲಿ ಈಗ ಹಿಡಿ ಇಲ್ಲದ ಒಂದು ಪಂಪು ನೆನಪಿಗಾಗಿ ನಿಂತಿದೆ. ಅಷ್ಟಾದರೂ ಸ್ನೋ ಮಾತನ್ನ ಹೆಚ್ಚಿನವರು ಒಪ್ಪಲಿಲ್ಲ.

ಆಮೇಲೆ ಬಂತು 1858ರ ಬೇಸಿಗೆ. ಬಿಸಿಲಿಗೆ ನದಿ ಕುದಿದು ನಾತ ಎಷ್ಟಾಯ್ತು ಅಂದ್ರೆ, ದಂಡೆಯ ಮೇಲೇ ಇದ್ದ ಪಾರ್ಲಿಮೆಂಟಿನ ಪರದೆಗಳನ್ನ ಸುಣ್ಣದ ಕ್ಲೋರೈಡಿನಲ್ಲಿ ನೆನೆಸಿ ನೇತು ಹಾಕಬೇಕಾಯ್ತು. ಬಡವರ ಕೇರಿಯ ಸಾವಿರಾರು ಹೆಣಗಳಿಗೆ ಅಲುಗದ ಕಡತ, ಸಂಸದರ ಮೂಗಿಗೆ ಬಂದದ್ದೇ ತಡ, ಮೂರು ವಾರದೊಳಗೆ ಕಾನೂನಾಯ್ತು. ಸ್ನೋ ಅದೇ ಜೂನಿನಲ್ಲಿ ತೀರಿಕೊಂಡರು.

ಈಗ ನಮ್ಮ ಸಿಲೆಬಸ್ಸಿಗೆ ಬರೋಣ. ಹಳೆ ಚರಂಡಿಗಳೆಲ್ಲ ನದಿಯ ಕಡೆಗೇ ಹರೀತಿದ್ವು. ಬ್ಯಾಜಲ್ಗೆಟ್ ಮಾಡಿದ್ದು ಇಷ್ಟೇ: ನದಿಗೆ ಸಮಾನಾಂತರವಾಗಿ, ಪಶ್ಚಿಮದಿಂದ ಪೂರ್ವಕ್ಕೆ, ದೊಡ್ಡ ಚರಂಡಿಗಳನ್ನ ಅಡ್ಡ ಹಾಕಿ, ಹಳೇವು ನದಿ ಮುಟ್ಟೋ ಮುಂಚೆ ಅವನ್ನ ಹಿಡಿದುಬಿಟ್ಟರು. ಉತ್ತರ ದಂಡೆಯಲ್ಲಿ ಮೂರು ಮಟ್ಟದಲ್ಲಿ ಇಂಥ ಚರಂಡಿ. ಮೇಲಿನ ಎರಡು ಬರೀ ಇಳಿಜಾರಿನಿಂದಲೇ ಹರಿಯುತ್ತವೆ. ಕೆಳಗಿನದನ್ನ ಮಾತ್ರ ಆ್ಯಬಿ ಮಿಲ್ಸ್ ಅನ್ನೋ ಕಡೆ ಆಗ ಉಗಿ ಪಂಪಿನಿಂದ ಹತ್ತು ಮೀಟರಿಗೂ ಮೇಲೆ ಎತ್ತಬೇಕಿತ್ತು. ಮುಖ್ಯ ಚರಂಡಿಗಳ ಉದ್ದವೇ 132 ಕಿಲೋಮೀಟರ್, ಒಟ್ಟು ಹಿಡಿದದ್ದು 31.8 ಕೋಟಿ ಇಟ್ಟಿಗೆ.

ಇಳಿಜಾರು ಎಷ್ಟು ಗೊತ್ತಾ? ಮೈಲಿಗೆ ಎರಡು ಅಡಿ. ಅಂದ್ರೆ ಕಿಲೋಮೀಟರಿಗೆ 38 ಸೆಂಟಿಮೀಟರ್. ಇದಕ್ಕಿಂತ ಕಮ್ಮಿ ಕೊಟ್ರೆ ವೇಗ ಸಾಲದೆ ಕೊಳೆ ತಳಕ್ಕೆ ಕೂರುತ್ತೆ. ಜಾಸ್ತಿ ಕೊಡ್ತಾ ಹೋದ್ರೆ ಒಂದಿಪ್ಪತ್ತು ಕಿಲೋಮೀಟರಿಗೆಲ್ಲ ಚರಂಡಿ ಪಾತಾಳ ಸೇರಿ, ಪಂಪಿನ ಖರ್ಚು ಏರುತ್ತೆ. ಮಳೆಗಾಲದಲ್ಲಿ ತುಂಬಿ ಹರಿಯೋ ಚರಂಡಿಯಲ್ಲಿ ನಡುರಾತ್ರಿ ಗೇಣುದ್ದ ನೀರೂ ಇರಲ್ಲ, ಆಗಲೂ ವೇಗ ಬೇಕು. ಅದಕ್ಕೇ ಹಲವು ಚರಂಡಿಗಳು ಮೊಟ್ಟೆಯನ್ನ ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿದ ಆಕಾರದಲ್ಲಿವೆ. ನೀರು ಕಮ್ಮಿ ಆದಾಗ ಕಿರಿದಾದ ತಳದಲ್ಲಿ ಅದರ ಆಳ ಉಳಿಯುತ್ತೆ, ಹೈಡ್ರಾಲಿಕ್ ರೇಡಿಯಸ್ ತೀರಾ ಬೀಳಲ್ಲ, ಓಟ ನಿಲ್ಲಲ್ಲ. ನಾವು ಪರೀಕ್ಷೆ ಹಿಂದಿನ ರಾತ್ರಿ ಉರು ಹೊಡೆಯೋ ಮ್ಯಾನಿಂಗ್ ಸೂತ್ರ ಇನ್ನೂ ಹುಟ್ಟಿರಲಿಲ್ಲ ಅನ್ನೋದನ್ನ ನೆನಪಿಡಿ.

ಅಪ್ಪ ದಂಡೆಯ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಟಿಶ್ಯೂ ಪೇಪರ್ ಮೇಲೆ ಗೀಚಿ ಅಜ್ಜಿಗೆ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಡ್ರಾಯಿಂಗಲ್ಲಿ ಇಳಿಜಾರು ತಪ್ಪಿದ್ರೆ ಕಾಗದಕ್ಕೇನೂ ಆಗಲ್ಲ ಕಣೋ. ಎರಡು ವರ್ಷಕ್ಕೆ ಲೈನ್ ಕಟ್ಟುತ್ತೆ. ಆಗ ಯಾರೋ ಒಬ್ಬ ಮ್ಯಾನ್‌ಹೋಲ್ ಒಳಗೆ ಇಳೀತಾನೆ" ಅಂದರು. ನಮ್ಮಲ್ಲಿ 2013ರ ಕಾನೂನು ಮನುಷ್ಯರನ್ನ ಹಾಗೆ ಇಳಿಸೋದನ್ನ ನಿಷೇಧಿಸಿದೆ. ಆಮೇಲೂ ಒಳಗಿನ ಗ್ಯಾಸಿಗೆ ಜನ ಸಾಯ್ತಾನೇ ಇದ್ದಾರೆ. ಕಿಲೋಮೀಟರಿಗೆ 38 ಸೆಂಟಿಮೀಟರ್ ಅನ್ನೋ ಅಂಕಿಯನ್ನ ಅವತ್ತಿನಿಂದ ನಾನು ಬೇರೆ ಥರ ಓದ್ತೀನಿ.

ಬ್ಯಾಜಲ್ಗೆಟ್ ಕಟ್ಟಿದ್ದು ವಾಸನೆ ಓಡಿಸೋಕೆ. ಓಡಿಹೋಗಿದ್ದು ಕಾಲರಾ. ಸಿದ್ಧಾಂತ ತಪ್ಪು, ಪರಿಹಾರ ಸರಿ. ಇಂಜಿನಿಯರಿಂಗ್ ಚರಿತ್ರೆಯಲ್ಲಿ ಇಂಥ ಅದೃಷ್ಟ ಅಪರೂಪ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಅದು ಕೆಂಡ ಕಾರಿದ್ದು ಪೂರ್ವ ಲಂಡನ್ನಿನಲ್ಲಿ, ಹೊಸ ಚರಂಡಿ ಇನ್ನೂ ಪೂರ್ತಿ ಜೋಡಿಸದ ಭಾಗದಲ್ಲಿ. 5,500ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಬೇಕಿದ್ದ ಆ್ಯಬಿ ಮಿಲ್ಸ್ ಪಂಪ್‌ಹೌಸ್ ಮುಗಿದದ್ದು 1868ರಲ್ಲಿ. ಆಮೇಲೆ ಲಂಡನ್ನಿನಲ್ಲಿ ಅಂಥ ಕಾಲರಾ ಬರಲೇ ಇಲ್ಲ.

ಹಾಗಂತ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ. ಆ ಕೊಳೆಯನ್ನ ಶುದ್ಧ ಮಾಡ್ತಿರಲಿಲ್ಲ, ಊರಾಚೆ ಪೂರ್ವಕ್ಕೆ ಒಯ್ದು ಇಳಿತದ ಹೊತ್ತಿಗೆ ನದಿಗೇ ಬಿಡ್ತಿದ್ದರು. 1878ರ ಸೆಪ್ಟೆಂಬರಿನಲ್ಲಿ ಪ್ರಿನ್ಸೆಸ್ ಆಲಿಸ್ ಅನ್ನೋ ವಿಹಾರದ ಹಡಗು, ನಮ್ಮ ಹಾಗೇ ಮಕ್ಕಳು ಮರಿ ಕಟ್ಟಿಕೊಂಡು ರಜೆಗೆ ಹೋಗಿದ್ದ ಸಂಸಾರಗಳನ್ನ ತುಂಬಿಕೊಂಡು ವಾಪಸ್ ಬರುವಾಗ, ಅದೇ ಜಾಗದ ಹತ್ತಿರ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಆಗಷ್ಟೇ ಬಿಟ್ಟಿದ್ದ ಕೊಳಚೆಯಲ್ಲಿ 600ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಕೊಳೆಯನ್ನ ಬೇರ್ಪಡಿಸೋ ಕೆಲಸ ಶುರುವಾದದ್ದು ಅದಾದ ಮೇಲೆ. ಪಕ್ಕದವನ ಅಂಗಳಕ್ಕೆ ಗುಡಿಸಿಬಿಟ್ರೆ ಕಸ ಹೋದಂತಲ್ಲ. ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅಮ್ಮ, ಅಜ್ಜಿಗೆ ಬೇಕಿದ್ದದ್ದು ಬಸವಣ್ಣ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವೇಶ್ವರ ಪ್ರತಿಮೆ ಇರೋದು ನದಿಯ ಆಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ವಾಕ್ಸಾಲ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಆ ದಂಡೆಯನ್ನೂ 1860ರ ದಶಕದಲ್ಲಿ ಕಟ್ಟಿದ್ದು ಬ್ಯಾಜಲ್ಗೆಟ್ ಅವರೇ. ಕಾಯಕ ಅಂದವರನ್ನ ಚರಂಡಿ ಇಂಜಿನಿಯರ್ ಕಟ್ಟಿದ ದಂಡೆಯ ಮೇಲೆ ನಿಲ್ಲಿಸಬೇಕು ಅಂತ ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ. ಆದ್ರೂ ಜಾಗ ಚೆನ್ನಾಗಿ ಒಪ್ಪುತ್ತೆ. ಅಜ್ಜಿ ಕೈ ಮುಗಿದು, ಚಪ್ಪಲಿ ಬಿಡೋಕೆ ಹೋಗಿ, ಚಳಿಗೆ ಮತ್ತೆ ಹಾಕ್ಕೊಂಡಳು.

ಬ್ಯಾಜಲ್ಗೆಟ್ ವ್ಯವಸ್ಥೆ ಇವತ್ತಿಗೂ ಕೆಲಸ ಮಾಡ್ತಿದೆ, ಆದ್ರೆ ಒಂದು ಕೊರತೆಯೊಂದಿಗೆ. ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಚರಂಡಿ. ಜೋರು ಮಳೆ ಬಂದ್ರೆ ಮನೆಗಳ ಒಳಗೆ ಉಕ್ಕದಿರಲಿ ಅಂತ ಹೆಚ್ಚಾದದ್ದನ್ನ ನದಿಗೆ ಬಿಡೋ ಹಾಗೆ ಮಾಡಿದ್ದರು. ಜನಸಂಖ್ಯೆ ಏರಿ, ಮಣ್ಣಿನ ಜಾಗವೆಲ್ಲ ಕಾಂಕ್ರೀಟಾದ ಮೇಲೆ ಸಾಧಾರಣ ಮಳೆಗೂ ಅದು ಉಕ್ಕತೊಡಗಿತು. ಅದನ್ನ ಹಿಡಿಯೋಕೆ ನದಿಯ ಅಡಿಯಲ್ಲಿ 25 ಕಿಲೋಮೀಟರ್ ಉದ್ದ, ಏಳು ಮೀಟರಿಗೂ ಹೆಚ್ಚು ಅಗಲದ ಟೈಡ್‌ವೇ ಸುರಂಗ ಕೊರೆದು, 2025ರ ಫೆಬ್ರವರಿಯಲ್ಲಿ ಪೂರ್ತಿ ಜೋಡಿಸಿದರು. ಬ್ಯಾಜಲ್ಗೆಟ್ ನದಿಗೆ ಸಮಾನಾಂತರವಾಗಿ ಚರಂಡಿ ಹಾಕಿ ಹಿಡಿದದ್ದನ್ನ ಇವರು ಇನ್ನೂ ಆಳದಲ್ಲಿ ಹಿಡಿದರು, ಉಪಾಯ ಅದೇ. ಅದರ ಶಾಫ್ಟುಗಳ ಮೇಲೆ ಈಗ ಬೆಂಚು, ಗಿಡ ಇಟ್ಟು ಚಿಕ್ಕ ಚಿಕ್ಕ ಪಾರ್ಕ್ ಮಾಡಿದ್ದಾರೆ. ನೀವು ಹೋದ್ರೆ ಮನೆಯವರನ್ನ ಅಲ್ಲಿ ಕೂರಿಸಿ, ಅಕ್ಕ ಕಟ್ಟಿಕೊಟ್ಟಂಥ ಚಪಾತಿ ಡಬ್ಬಿ ಬಿಚ್ಚೋಕೆ ಅದಕ್ಕಿಂತ ಒಳ್ಳೆ ಜಾಗ ಲಂಡನ್ನಿನಲ್ಲಿ ಇಲ್ಲ.