ಒಣಗಿದ್ದೆಲ್ಲ ಕೆಟ್ಟಿದ್ದಲ್ಲ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಯುಗಾದಿಗೆ ಊರಿಗೆ ಬಂದಾಗ 200 ಗ್ರಾಂ ಚೀಸಿನ ಪೊಟ್ಟಣ ತಂದಿದ್ದ. ಮೊಮ್ಮಕ್ಕಳು ಅರ್ಧ ತಿಂದರು. ಉಳಿದರ್ಧ ಫ್ರಿಜ್ಜಿನ ಮೂಲೆಯಲ್ಲಿ ಹಾಗೇ ಬಿಚ್ಚಿಕೊಂಡು ಬಿದ್ದಿತ್ತು. ತಿಂಗಳಾದ ಮೇಲೆ ನೋಡಿದರೆ ಚಾಕು ಇಳಿಯದಷ್ಟು ಬಿರುಸು. "ರಾಯಿ ಅಯಿಪೋಯಿಂದಿ, ಪಾರೇಸ್ತಾನು" ಅಂದಳು ನನ್ನಾಕೆ. ಅವಳ ತವರು ಹಿಂದೂಪುರದ ಕಡೆ. ಕಲ್ಲಾಗಿದೆ, ಎಸೀತೀನಿ ಅಂತ.

ನನಗೆ ಮನಸ್ಸು ಬರಲಿಲ್ಲ. ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋನು ನಾನು. ಒಂದು ಕೆಜಿ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಆ ಲೆಕ್ಕದಲ್ಲಿ ಕೈಯಲ್ಲಿದ್ದ ತುಂಡು ಹೆಚ್ಚುಕಮ್ಮಿ ಒಂದು ಲೀಟರ್ ಹಾಲು. ಕ್ಯಾನಿನಿಂದ ಲೋಟ ಹಾಲು ಚೆಲ್ಲಿದರೇ ಹೊಟ್ಟೆ ಉರೀತದೆ. ಇದನ್ನ ತಿಪ್ಪೆಗೆ ಹೇಗೆ ಹಾಕೋದು?

ನಮ್ಮೆರಡು ಭಾಷೆಯಲ್ಲೂ ಚೀಸಿಗೆ ಎರವಲು ಹೆಸರೇ. ಕನ್ನಡದಲ್ಲಿ ಗಿಣ್ಣು ಅಂದರು, ತೆಲುಗಿನಲ್ಲಿ ಜುನ್ನು ಅಂದರು. ಹಸು ಈದಾಗ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸೋ ತಿಂಡಿಯ ಹೆಸರನ್ನೇ ಇದಕ್ಕೂ ಕೊಟ್ಟರು. ಗುಣ ಮಾತ್ರ ಬೇರೆ. ಗಿಣ್ಣು ಮಾಡಿದ ದಿನವೇ ತಿಂದರೆ ಚೆಂದ. ಚೀಸನ್ನ ಹಾಲು ಗಟ್ಟಿಸಿ, ನೀರು ಬಸಿದು, ಉಪ್ಪು ಸೇರಿಸಿ, ಬಹಳ ದಿನ ಬರಲಿ ಅಂತಲೇ ಮಾಡೋದು. ಇಟಲಿಯ ಪಾರ್ಮೆಸಾನ್ ಚೀಸನ್ನ ಕಡಿಮೆ ಅಂದರೂ 12 ತಿಂಗಳು ಇಟ್ಟು ಮಾಗಿಸ್ತಾರೆ. ಅದರ ಗಟ್ಟಿ ಸಿಪ್ಪೆಯನ್ನೂ ಸೂಪಿಗೆ ಹಾಕಿ ಕುದಿಸ್ತಾರೆ. ನೇಪಾಳ, ಸಿಕ್ಕಿಂ ಕಡೆಯ ಛುರ್ಪಿಯಂತೂ ಕಲ್ಲಿನಂತೆಯೇ ಇರುತ್ತೆ. ಬಾಯಲ್ಲಿಟ್ಟು ನಿಧಾನಕ್ಕೆ ಅಗೀತಾರೆ. ತೆಂಗಿನಕಾಯಿ ಒಣಗಿದರೆ ಕೊಬ್ಬರಿ ಅಂತೀವೇ ಹೊರತು ಕೆಟ್ಟಿತು ಅನ್ನಲ್ಲ. ಇದೂ ಹಾಗೇ. ಹೋಗಿರೋದು ನೀರು, ಜಿಡ್ಡು, ಉಪ್ಪು, ಸತ್ವ ಅಲ್ಲೇ ಇವೆ.

ಮೊದಲು ಪರೀಕ್ಷೆ

ಒಣಗೋದು ಬೇರೆ, ಬೂಸಲು ಹಿಡಿಯೋದು ಬೇರೆ. ಗಟ್ಟಿ ಚೀಸಿನ ತುಂಡಿಗೆ ಒಂದು ಕಡೆ ಮಾತ್ರ ಬೂಸಲು ಬಂದಿದ್ದರೆ, ಸುತ್ತಲೂ ಕೆಳಗೂ ಒಂದು ಅಂಗುಲ ಬಿಟ್ಟು ಕತ್ತರಿಸಿ ತೆಗೆದು ಉಳಿದದ್ದನ್ನ ಬಳಸಬಹುದು. ಚಾಕು ಬೂಸಲಿಗೆ ತಾಗಬಾರದು. ಪನೀರು, ಮೆತ್ತನೆ ಚೀಸು, ಮೊದಲೇ ತುರಿದಿಟ್ಟದ್ದು ಬೂಸಲಾದರೆ ಆಸೆ ಪಡಬೇಡಿ, ಪೂರ್ತಿ ಎಸೆಯಿರಿ. ಕೆಟ್ಟ ವಾಸನೆ ಬಂದರೂ ಅಷ್ಟೇ.

ತುರಿದರೆ ಕೆಲಸಕ್ಕೆ ಬಂತು

ಫ್ರಿಜ್ಜಿನಿಂದ ತೆಗೆದ ತಣ್ಣನೆ ತುಂಡನ್ನೇ ಸಣ್ಣ ಕಣ್ಣಿನ ತುರಿಮಣೆಗೆ ಉಜ್ಜಿ. ಬಿರುಸಾದಷ್ಟೂ ಪುಡಿ ಚೆನ್ನಾಗಿ ಉದುರುತ್ತೆ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ರಾಗಿ ರೊಟ್ಟಿ ಹಿಟ್ಟಿಗೆ ಒಂದು ಹಿಡಿ ಕಲಸಿ, ಇಲ್ಲವೆ ಬಿಸಿ ದೋಸೆ ಮೇಲೆ, ಆಲೂಗಡ್ಡೆ ಪಲ್ಯದ ಮೇಲೆ ಉದುರಿಸಿ. ಚೀಸಿನಲ್ಲೇ ಉಪ್ಪಿರುತ್ತೆ, ಬೇರೆ ಉಪ್ಪು ಕಡಿಮೆ ಹಾಕಿ.

ಕರಗಿಸಿ ಗಟ್ಟಿ ಸಾಸು ಮಾಡೋದಾದರೆ ಬೆಣ್ಣೆಯಲ್ಲಿ ಒಂದು ಚಮಚ ಮೈದಾ ಹುರಿದು, ಹಾಲು ಹಾಕಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ತುರಿ ಸೇರಿಸಿ ತಿರುವಿ. ಉರಿ ಜೋರಾದರೆ ಜಿಡ್ಡು ಬೇರೆಯಾಗಿ, ಉಳಿದದ್ದು ರಬ್ಬರಿನಂತೆ ಎಳೆಯುತ್ತೆ. ಹಾಲಲ್ಲಿ ನೆನೆಸಿದರೆ ಒಂಚೂರು ಮೆತ್ತಗಾಗುತ್ತೆ, ಆದರೆ ಹೊಸದರಂತೆ ಆಗಲ್ಲ.

ಮುಂದೆ ಒಣಗದಂತೆ

ಫ್ರಿಜ್ಜಿನ ಗಾಳಿ ತಣ್ಣಗಿದ್ದರೂ ಒಣಗಿಸೋ ಗಾಳಿ. ಕತ್ತರಿಸಿದ ಚೀಸನ್ನ ಬೆಣ್ಣೆ ಕಾಗದದಲ್ಲಿ ಸುತ್ತಿ, ಮುಚ್ಚಳ ಇರೋ ಡಬ್ಬಿಯಲ್ಲಿಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ.

ನಮ್ಮನೆ ಕಲ್ಲು ಆ ಸಂಜೆ ಆರು ರಾಗಿ ರೊಟ್ಟಿಗೆ ಆಯಿತು. ಮೊದಲ ತುಂಡು ಬಾಯಿಗಿಟ್ಟ ನನ್ನಾಕೆ "ಬಾಗುಂದೇ!" ಅಂದಳು. ಈಗ ನಮ್ಮ ಫ್ರಿಜ್ಜಿನಲ್ಲಿ ಚೀಸಿಗೆ ಅಂತ ಒಂದು ಡಬ್ಬಿ ಇದೆ. ಇಟ್ಟವಳು ಅವಳೇ.